ಬೀಚ್ ಮುಂದಿನ ಹೋಟೆಲ್ ಸಿಕ್ಕಿತು, ಸಮುದ್ರ ಸಿಗುತ್ತಾ?

ಪ್ರಶ್ನೆ: ನಾವು ಶಿವಮೊಗ್ಗದವರು. ಈ ಸಲ ದಸರಾ ರಜೆಯಲ್ಲಿ ಐದು ರಾತ್ರಿಗೆ ತಾಂಜಾನಿಯಾದ ಜಾಂಜಿಬಾರ್ ದ್ವೀಪಕ್ಕೆ ಹೋಗಿಬರುವ ಯೋಚನೆ ಇದೆ. ನಾನು, ಯಜಮಾನರು, ಅತ್ತೆ, ಮಾವ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಅತ್ತೆ, ಮಾವ ಇಬ್ಬರಿಗೂ 65 ದಾಟಿದೆ, ಅತ್ತೆಗೆ ಮಂಡಿ ನೋವು. ಎಲ್ಲರೂ ಸಸ್ಯಾಹಾರಿಗಳು. ಈಜು ಬರುವುದು ಯಜಮಾನರಿಗೆ ಮಾತ್ರ. ಅಲ್ಲಿನ ಪಾಜೆ ಎಂಬಲ್ಲಿ ಬೀಚಿಗೆ ಅಂಟಿಕೊಂಡ ಹೋಟೆಲ್ ಒಂದು ಇಷ್ಟವಾಯಿತು. ಆದರೆ ರಿವ್ಯೂಗಳಲ್ಲಿ 'ಸಮುದ್ರವೇ ಇರಲಿಲ್ಲ', 'ಪಾಚಿ ವಾಸನೆ' ಎಂದೆಲ್ಲ ಬರೆದಿದ್ದಾರೆ. ನುಂಗ್ವಿಯಲ್ಲಿ ಇನ್ನೊಂದಿದೆ, ಬೆಲೆ ಹತ್ತಿರ ಹತ್ತಿರ ದುಪ್ಪಟ್ಟು. 'ನುಂಗ್ವಿಯಲ್ಲಿ ಯಾವ ಹೊತ್ತಲ್ಲೂ ಈಜಬಹುದು, ಕಣ್ಣು ಮುಚ್ಚಿ ಬುಕ್ ಮಾಡಿ' ಎನ್ನುತ್ತಾರೆ ಯಜಮಾನರ ಸ್ನೇಹಿತರು. 'ಎಲ್ಲಾ ಬೀಚೂ ಒಂದೇ ಅತ್ತಿಗೆ, ಊಟ, ಪಾನೀಯ ಎಲ್ಲ ಸೇರಿದ ಆಲ್ ಇನ್‌ಕ್ಲೂಸಿವ್ ತಗೊಂಡು ಆರಾಮಾಗಿರಿ' ಎನ್ನುತ್ತಾನೆ ಮೈದುನ. ಎರಡೂ ಹೋಟೆಲ್‌ಗಳ ವಿವರ ಕಳಿಸಿದ್ದೇನೆ. ಯಾವುದನ್ನು ನಂಬಲಿ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕಾರಿವೆ, ಭಯ ಮಾತ್ರ ಒಂದೇ. ಇಷ್ಟೆಲ್ಲ ದುಡ್ಡು ಹಾಕಿ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಅಷ್ಟು ದೂರ ಹೋಗಿ, ಬೆಳಗ್ಗೆ ಪರದೆ ಸರಿಸಿದಾಗ ಎದುರಿಗೆ ನೀರೇ ಇಲ್ಲದಿದ್ದರೆ? ಸುಮ್ನೆ ಹುಟ್ಟಿದ ಭಯ ಇದಲ್ಲ. ಪೂರ್ವ ಆಫ್ರಿಕಾಕ್ಕೆ ಪ್ರವಾಸ ಹೊಂದಿಸಿಕೊಡುವುದು ನನ್ನ ಕಸುಬು. ಜಾಂಜಿಬಾರ್‌ನಿಂದ ವಾಪಸ್ ಬಂದವರು ರೂಮಿನ ಬಗ್ಗೆ, ಊಟದ ಬಗ್ಗೆ ದೂರುವುದು ಕಡಿಮೆ. 'ಸಮುದ್ರ ಹೀಗಿರುತ್ತೆ ಅಂತ ಯಾರೂ ಹೇಳಲೇ ಇಲ್ಲ' ಅನ್ನೋದೇ ಜಾಸ್ತಿ. ಹಾಗಾಗಿ ಹೋಟೆಲ್‌ಗಳ ಫೋಟೊ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ಕಡಲನ್ನು ಆರಿಸೋಣ, ಕಟ್ಟಡ ಆಮೇಲೆ.

'ಸಮುದ್ರವೇ ಇರಲಿಲ್ಲ' ಎಂದು ಬರೆದವರು ಸುಳ್ಳು ಹೇಳಿಲ್ಲ. ಅದೇ ಹೋಟೆಲಿಗೆ ಐದು ಸ್ಟಾರ್ ಕೊಟ್ಟು, 'ಮೆಟ್ಟಿಲ ಬುಡಕ್ಕೇ ನೀರು ಬರುತ್ತಿತ್ತು' ಎಂದವರೂ ಸುಳ್ಳು ಹೇಳಿಲ್ಲ. ಅವರು ನೋಡಿದ ತಿಥಿ ಬೇರೆ, ಹೊತ್ತು ಬೇರೆ.

ಉಬ್ಬರ ಇಳಿತ ನಮ್ಮ ಕರಾವಳಿಯವರಿಗೆ ಹೊಸದೇನಲ್ಲ. ಮಂಗಳೂರಿನ ಕಡಲಲ್ಲಿ ನೀರು ಏರಿ ಇಳಿಯುವುದು ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರ್ ಆಸುಪಾಸು. ಜಾಂಜಿಬಾರ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಅದು 4 ಮೀಟರ್ ಹತ್ತಿರ ಹೋಗುತ್ತದೆ. ಒಂದು ಅಂತಸ್ತಿನ ಮನೆಗಿಂತ ಎತ್ತರದಷ್ಟು ನೀರು ದಿನಕ್ಕೆ ಎರಡು ಸಲ ಬಂದು, ಎರಡು ಸಲ ಹೋಗುತ್ತದೆ. ಇದು ದ್ವೀಪದ ಎಲ್ಲ ದಿಕ್ಕಿಗೂ ಒಂದೇ. ವ್ಯತ್ಯಾಸ ಇರುವುದು ನೆಲದ ಇಳಿಜಾರಿನಲ್ಲಿ.

ದ್ವೀಪದ ಪೂರ್ವದ ದಡವನ್ನು ನೆನೆಸಿಕೊಳ್ಳಿ. ಉತ್ತರದಿಂದ ಕೆಳಗೆ ಬಂದರೆ ಮತೆಮ್ವೆ, ಕಿವೆಂಗ್ವಾ, ಪೊಂಗ್ವೆ, ಆಮೇಲೆ ಬ್ವೆಜು, ಪಾಜೆ, ಜಂಬಿಯಾನಿ. ಈ ದಡದ ಉದ್ದಕ್ಕೂ ಸಮುದ್ರದೊಳಗೆ ಹವಳದ ದಿಬ್ಬ ಇದೆ. ದೊಡ್ಡ ಅಲೆಗಳೆಲ್ಲ ಅಲ್ಲೇ ಒಡೆದು ಬೆಳ್ಳಗೆ ನೊರೆಯಾಗುತ್ತವೆ. ದಿಬ್ಬಕ್ಕೂ ದಡಕ್ಕೂ ನಡುವೆ ಇರುವುದು ಅಗಲವಾದ, ಹೆಚ್ಚುಕಡಿಮೆ ಸಪಾಟಾದ ಮರಳಿನ ನೆಲ. ತಟ್ಟೆಯಲ್ಲಿ ನೀರು ಹಾಕಿ ಸ್ವಲ್ಪ ತೆಗೆದರೆ ಅಂಚೆಲ್ಲ ಖಾಲಿಯಾಗುತ್ತದೆ, ಚೊಂಬಿನಲ್ಲಿ ಅಷ್ಟೇ ತೆಗೆದರೆ ಗೊತ್ತೂ ಆಗುವುದಿಲ್ಲ. ಪೂರ್ವದ ದಡ ತಟ್ಟೆ. ಅದಕ್ಕೇ ಅಲ್ಲಿ ನೀರು ಹಿಂದೆ ಸರಿದರೆ ಎಷ್ಟೋ ಕಡೆ ಒಂದು ಕಿಲೋಮೀಟರ್ ದೂರಕ್ಕೂ ಹೋಗುತ್ತದೆ. ವಾಯವ್ಯ ಮೂಲೆಯ ಕೆಂಡ್ವಾ ಮತ್ತು ನುಂಗ್ವಿಯ ಪಶ್ಚಿಮದ ಮಗ್ಗುಲಲ್ಲಿ ನೆಲ ಬೇಗ ಆಳಕ್ಕೆ ಇಳಿಯುತ್ತದೆ. ಅಲ್ಲೂ ಅದೇ 4 ಮೀಟರ್ ಇಳಿಯುತ್ತದೆ, ಆದರೆ ದಡದಿಂದ ನೀರು ದೂರ ಓಡುವುದಿಲ್ಲ. 'ಯಾವ ಹೊತ್ತಲ್ಲೂ ಈಜಬಹುದು' ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಈಗ ನಿಮ್ಮ ದುಪ್ಪಟ್ಟು ಬೆಲೆಯ ಹೋಟೆಲ್‌ಗೆ ಬರೋಣ. ನೀವು ಕಳಿಸಿದ ವಿಳಾಸವನ್ನು ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರದಲ್ಲಿ ಹಾಕಿ ನೋಡಿದೆ. ಹೆಸರಿಗೆ ನುಂಗ್ವಿ, ನಿಜ. ಆದರೆ ನುಂಗ್ವಿ ಎನ್ನುವುದು ದ್ವೀಪದ ತುದಿಯ ಊರು, ಅದಕ್ಕೆ ಎರಡು ಮಗ್ಗುಲು. ನೀವು ನೋಡಿರುವ ಹೋಟೆಲ್ ಇರುವುದು ಪೂರ್ವದ ಮಗ್ಗುಲಲ್ಲಿ. ಅಲ್ಲಿ ಇಳಿತದ ಹೊತ್ತಿಗೆ ನೀರು ಪಾಜೆಯಲ್ಲಿ ಸರಿಯುವ ಹಾಗೆಯೇ ಸರಿಯುತ್ತದೆ, ಬಂಡೆ ಬೇರೆ ಕಾಣಿಸಿಕೊಳ್ಳುತ್ತದೆ. ಅಂದರೆ ನುಂಗ್ವಿಯ ಬೆಲೆ ಕೊಟ್ಟು ಪೂರ್ವದ ದಡವನ್ನೇ ಕೊಂಡ ಹಾಗೆ. ನಿಮ್ಮ ಯಜಮಾನರ ಸ್ನೇಹಿತರು ಬಹುಶಃ ಪಶ್ಚಿಮದ ಮಗ್ಗುಲಲ್ಲಿ ಉಳಿದು ಬಂದಿದ್ದಾರೆ. ಅವರ ಮಾತು ಆ ಮಗ್ಗುಲಿಗೆ ಸರಿ. ಕಣ್ಣು ಮುಚ್ಚಿ ಬುಕ್ ಮಾಡುವುದು ಮಾತ್ರ ಬೇಡ.

ಇದನ್ನು ನೀವೇ ಪರೀಕ್ಷಿಸಬಹುದು. ಉಪಗ್ರಹ ಚಿತ್ರದಲ್ಲಿ ಹೋಟೆಲ್ ಮುಂದೆ ಅಗಲವಾದ ತಿಳಿ ಹಸಿರು ನೀಲಿ ಪಟ್ಟಿ ಇದ್ದು, ನೊರೆಯ ಬಿಳಿ ಗೆರೆ ತುಂಬಾ ಆಚೆ ಕಂಡರೆ ಅದು ಸಪಾಟು ನೆಲ, ನೀರು ದೂರ ಹೋಗುತ್ತದೆ. ಕಡು ನೀಲಿ ದಡದ ಹತ್ತಿರಕ್ಕೇ ಬಂದಿದ್ದರೆ ನೆಲ ಬೇಗ ಇಳಿಯುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳೂ ಸಿಗುತ್ತವೆ. ಒಂದೇ ಜಾಗ ಒಂದು ಚಿತ್ರದಲ್ಲಿ ನೀರು ತುಂಬಿ, ಇನ್ನೊಂದರಲ್ಲಿ ಬರಿದಾಗಿ ಕಾಣುತ್ತದೆ. ಮರಳು ವರ್ಷದಿಂದ ವರ್ಷಕ್ಕೆ ಕೊಚ್ಚಿಹೋಗಿ ಬೀಚ್ ಸಣ್ಣದಾಗಿದೆಯಾ ಎನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಹೋಟೆಲಿನವರು ಹಾಕುವ ಫೋಟೊಗಳನ್ನು ಉಬ್ಬರದ ಹೊತ್ತಲ್ಲೇ ತೆಗೆಯುತ್ತಾರೆ. ಅದರಲ್ಲಿ ಮೋಸ ಏನಿಲ್ಲ, ಮದುವೆಗೆ ಹುಡುಗಿ ತೋರಿಸುವಾಗ ನಾವೂ ಒಳ್ಳೆ ಫೋಟೊನೇ ಕೊಡ್ತೀವಿ ಅಲ್ವಾ. ಅತಿಥಿಗಳು ಹಾಕಿದ ಫೋಟೊ ನೋಡಿ.

ಹಾಗಾದರೆ ಕೆಂಡ್ವಾ ಅಥವಾ ಪಶ್ಚಿಮ ನುಂಗ್ವಿಯೇ ಸರಿ, ಮುಗಿಯಿತು ಎನ್ನಬಹುದಿತ್ತು. ನಾನು ಹಾಗೆ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಈಜು ಬರುವುದು ಒಬ್ಬರಿಗೆ, ನೀರಿಗಿಳಿಯುವವರು ಐದಾರು ಜನ. ನೆಲ ಬೇಗ ಇಳಿಯುವ ದಡದಲ್ಲಿ ಕೆಲವೇ ಹೆಜ್ಜೆಗೆ 6 ವರ್ಷದ ಮಗುವಿಗೆ ಕಾಲು ಸಿಗುವುದಿಲ್ಲ, ಇನ್ನೂ ಕೆಲವು ಹೆಜ್ಜೆಗೆ ನಿಮಗೂ ಸಿಗುವುದಿಲ್ಲ. ಅಲ್ಲಿ ದೋಣಿಗಳ ಓಡಾಟವೂ ಜಾಸ್ತಿ. ಪೂರ್ವದ ಸಪಾಟು ನೀರು ಉಬ್ಬರದ ಹೊತ್ತಿಗೂ ದಡದ ಹತ್ತಿರ ಸೊಂಟದ ಮಟ್ಟಕ್ಕೆ, ಎದೆಮಟ್ಟಕ್ಕೆ ನಿಲ್ಲುತ್ತದೆ. ಅಲೆಯ ಹೊಡೆತ ಹವಳದ ದಿಬ್ಬದಲ್ಲೇ ಮುಗಿದಿರುತ್ತದೆ. ಗೋಕರ್ಣ, ಮುರುಡೇಶ್ವರಗಳಲ್ಲಿ ಮಕ್ಕಳ ಕೈ ಬಿಡಲು ಹೆದರುವ ನಮ್ಮಂಥವರಿಗೆ ಈ ನೀರು ಹೇಳಿ ಮಾಡಿಸಿದ್ದು. ಈಜುಗಾರರು ಪಾಜೆಯ ಬಗ್ಗೆ ಮಾಡುವ ದೂರು ಎಷ್ಟೋ ಸಲ ಈಜು ಬಾರದವರಿಗೆ ಅನುಕೂಲ. ಪ್ರಶ್ನೆ ಇಷ್ಟೇ: ನೀವು ಅಲ್ಲಿರುವ ದಿನಗಳಲ್ಲಿ ನೀರು ಯಾವ ಹೊತ್ತಿಗೆ ಬರುತ್ತದೆ?

ಇದಕ್ಕೆ ಉತ್ತರ ನಿಮ್ಮ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲೇ ಇದೆ. ಏರಿಳಿತ ಅತಿ ಹೆಚ್ಚಾಗುವುದು ಹುಣ್ಣಿಮೆ, ಅಮಾವಾಸ್ಯೆ ಮತ್ತು ಆಮೇಲಿನ ಒಂದೆರಡು ದಿನ. ಅತಿ ಕಡಿಮೆ ಆಗುವುದು ಅಷ್ಟಮಿ ಮತ್ತು ಆಮೇಲಿನ ಒಂದೆರಡು ದಿನ. ಜಾಂಜಿಬಾರ್‌ನಲ್ಲಿ ಹೊತ್ತೂ ಇದಕ್ಕೆ ಹೊಂದಿಕೊಂಡೇ ಇದೆ. ಹುಣ್ಣಿಮೆ, ಅಮಾವಾಸ್ಯೆ ಸುಮಾರಿಗೆ ಬೆಳಗ್ಗೆ 10ರ ಆಸುಪಾಸಿನಲ್ಲಿ ನೀರು ಪೂರ್ತಿ ಇಳಿದಿರುತ್ತದೆ, ಸಂಜೆ 4ರ ಸುಮಾರಿಗೆ ತುಂಬಿಕೊಳ್ಳುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗಿ, ಅಷ್ಟಮಿ ಕಳೆಯುವ ಹೊತ್ತಿಗೆ ಲೆಕ್ಕ ತಿರುಗುಮುರುಗು. ಬೆಳಗ್ಗೆ 10, 11ಕ್ಕೆ ನೀರು ತುಂಬಿರುತ್ತದೆ. ಆ ದಿನಗಳಲ್ಲಿ ಇಳಿದರೂ ತೀರಾ ದೂರ ಹೋಗುವುದಿಲ್ಲ.

ದಸರಾ ರಜೆಗೆ ಇದನ್ನು ಹಾಕಿ ನೋಡಿ. ನವರಾತ್ರಿ ಶುರುವಾಗುವುದೇ ಮಹಾಲಯ ಅಮಾವಾಸ್ಯೆಯ ಮರುದಿನ. ಅಂದರೆ ಯಾವ ವರ್ಷವಾದರೂ ಮೊದಲ ಮೂರು ನಾಲ್ಕು ದಿನ ದೊಡ್ಡ ಇಳಿತದವು. ಸೆಪ್ಟೆಂಬರ್ 22, 23ರ ಸುಮಾರಿಗೆ ಹಗಲು ರಾತ್ರಿ ಸಮ ಆಗುತ್ತದಲ್ಲ, ಅದರ ಹಿಂದೆಮುಂದೆ ಬರುವ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿಳಿತ ವರ್ಷದಲ್ಲೇ ಜೋರು. ಆಗ ಪಾಜೆಗೆ ಹೋದವರೇ ಬೆಳಗ್ಗೆ ತಿಂಡಿ ಮುಗಿಸಿ ಬಂದು 'ಸಮುದ್ರ ಎಲ್ಲಿ' ಎಂದು ರಿವ್ಯೂ ಬರೆಯುವುದು. ದುರ್ಗಾಷ್ಟಮಿ, ಮಹಾನವಮಿ, ವಿಜಯದಶಮಿ ಬರುವ ಹೊತ್ತಿಗೆ ಅದೇ ಪಾಜೆಯಲ್ಲಿ ಬೆಳಗಿನ ಹೊತ್ತು ನೀರು ತುಂಬಿ ನಿಂತಿರುತ್ತದೆ. ವಿಜಯದಶಮಿ ಕಳೆದು ನಾಲ್ಕೈದು ದಿನಕ್ಕೆ ಹುಣ್ಣಿಮೆ, ಮತ್ತೆ ದೊಡ್ಡ ಇಳಿತ. ಸಪ್ತಮಿಯಿಂದ ದ್ವಾದಶಿವರೆಗೆ ನಿಮ್ಮ ಐದು ರಾತ್ರಿ ಸರಿಯಾಗಿ ಕೂರುತ್ತದೆ.

ತೊಡಕು ಏನು ಅಂತ ನನಗೂ ಗೊತ್ತು. ಆಯುಧಪೂಜೆ ದಿನ ಮನೆ ಬೀಗ ಹಾಕಿ ಹೋಗುವುದಕ್ಕೆ ಮಾವನವರು ಒಪ್ಪಬೇಕಲ್ಲ. ಒಪ್ಪದಿದ್ದರೆ, ದಶಮಿ ಮುಗಿಸಿ ಹೊರಟರೆ ನೀವು ಹುಣ್ಣಿಮೆಯ ದಿನಗಳಿಗೆ ಸಿಕ್ಕಿಕೊಳ್ಳುತ್ತೀರಿ. ಆಗ ಪಾಜೆಯ ಲೆಕ್ಕ ಬದಲಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಅಪಾಯ ಮಾತ್ರ ಯಾರೂ ರಿವ್ಯೂಗಳಲ್ಲಿ ಬರೆಯುವುದಿಲ್ಲ. ನೀರು ಇಳಿದಾಗ ಆ ನೆಲದ ಮೇಲೆ ನಡೆದುಕೊಂಡು ಹೋಗುವುದು ಬಹಳ ಚೆನ್ನಾಗಿರುತ್ತದೆ. ನಕ್ಷತ್ರ ಮೀನು, ಏಡಿ, ಚಿಕ್ಕ ಚಿಕ್ಕ ನೀರಿನ ಗುಂಡಿಗಳು. ಮಕ್ಕಳು ಮುಂದೆ ಮುಂದೆ ಓಡುತ್ತಾರೆ. ಉಬ್ಬರ ಶುರುವಾದಾಗ ನೀರು ಎದುರಿನಿಂದ ಮಾತ್ರ ಬರುವುದಿಲ್ಲ. ನೀವು ದಾಟಿ ಬಂದ ತಗ್ಗುಗಳು ಮೊದಲು ತುಂಬುತ್ತವೆ, ಬೆನ್ನ ಹಿಂದೆ ನೀರು ಬಂದಿರುತ್ತದೆ. ಹವಳದ ದಿಬ್ಬದಲ್ಲಿ ಅಲ್ಲಲ್ಲಿ ಸಂದುಗಳಿವೆ, ಅಲ್ಲಿ ಸೆಳೆತ ಜೋರು. ಆ ದಿನದ ಅತಿ ಕಡಿಮೆ ನೀರಿನ ಹೊತ್ತು ಎಷ್ಟು ಎಂದು ಹೋಟೆಲ್‌ನಲ್ಲಿ ಕೇಳಿಕೊಂಡು, ಆ ಹೊತ್ತಿಗೆ ತಿರುಗಿ ದಡದ ಕಡೆ ಹೆಜ್ಜೆ ಹಾಕಿರಬೇಕು. ಬರಿಗಾಲಲ್ಲಿ ಹೋಗಬೇಡಿ. ಕಲ್ಲಿನ ಸಂದಿಯಲ್ಲಿ ಸೀ ಅರ್ಚಿನ್ ಇರುತ್ತವೆ, ಕಪ್ಪು ಮುಳ್ಳಿನ ಉಂಡೆಯಂಥವು. ಮುಳ್ಳು ಒಳಗೇ ಮುರಿದರೆ ಮಗುವಿನ ರಜೆ ಅಲ್ಲಿಗೆ ಮುಗಿಯಿತು. ರಬ್ಬರ್ ತಳದ ನೀರಿನ ಶೂ ಇಲ್ಲಿಂದಲೇ ಒಯ್ಯಿರಿ. ನಕ್ಷತ್ರ ಮೀನನ್ನು ಫೋಟೊಗಾಗಿ ನೀರಿಂದ ಎತ್ತಿ ಹಿಡಿಯುವ ಚಟ ಹಬ್ಬಿದೆ, ಅದೊಂದು ಬೇಡ ಎಂದು ಮಕ್ಕಳಿಗೆ ಹೇಳಿ. ನೀರಿನಿಂದಾಚೆ ಹಿಡಿದರೆ ಅವು ಸಾಯಬಹುದು.

ಪಾಚಿಯ ವಿಷಯ. ಇಲ್ಲಿ ಎರಡು ಬೇರೆ ಸಂಗತಿಗಳನ್ನು ಕಲಸಿ ಬರೆಯುತ್ತಾರೆ. ಪಾಜೆ, ಜಂಬಿಯಾನಿಗಳ ನೀರಿನಲ್ಲಿ ಸಾಲಾಗಿ ನೆಟ್ಟ ಕೋಲುಗಳು, ಅವಕ್ಕೆ ಕಟ್ಟಿದ ಹಗ್ಗ, ಹಗ್ಗದ ತುಂಬ ಪಾಚಿ ಕಂಡರೆ ಅದು ಬೇಸಾಯ. ಅಲ್ಲಿನ ಹೆಂಗಸರು ಇಳಿತದ ಹೊತ್ತಿಗೆ ಇಳಿದು ಕಟ್ಟುತ್ತಾರೆ, ಕೊಯ್ಯುತ್ತಾರೆ, ಒಣಗಿಸಿ ಮಾರುತ್ತಾರೆ. ಅದರಿಂದ ತೆಗೆದ ಅಂಟು ಐಸ್‌ಕ್ರೀಮಿಗೂ ಟೂತ್‌ಪೇಸ್ಟಿಗೂ ಹೋಗುತ್ತದೆ. ಅದು ಕೊಳಕಲ್ಲ, ಅವರ ಗದ್ದೆ. ಮಕ್ಕಳು ತುಳಿಯದ ಹಾಗೆ ನೋಡಿಕೊಂಡರೆ ಸಾಕು. ದಡಕ್ಕೆ ಬಂದು ಬೀಳುವ ಕಂದು ಬಣ್ಣದ ಕಡಲ ಹುಲ್ಲು, ಪಾಚಿ ಬೇರೆ. ಗಾಳಿ ದಡದ ಕಡೆ ಜೋರಾಗಿ ಬೀಸಿದ ದಿನ ಅದು ರಾಶಿ ಬೀಳುತ್ತದೆ, ಕೊಳೆತರೆ ವಾಸನೆ ನಿಜ. ಒಳ್ಳೆಯ ಹೋಟೆಲಿನವರು ಬೆಳಗ್ಗೆ ಗುಡಿಸಿ ತೆಗೆಯುತ್ತಾರೆ. ಇದು ಯಾವ ದಿನ ಬರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು.

ಗಾಳಿ ಎಂದಾಗ ನೆನಪಾಯಿತು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ, ಅದಕ್ಕೆ ಕುಸಿ ಎನ್ನುತ್ತಾರೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಕಸ್ಕಾಜಿ. ಈ ಎರಡು ಕಾಲದಲ್ಲಿ ಪಾಜೆಯ ಆಕಾಶದ ತುಂಬ ಕೈಟ್ ಸರ್ಫಿಂಗ್‌ನವರ, ಅಂದರೆ ಗಾಳಿಪಟ ಹಿಡಿದು ನೀರ ಮೇಲೆ ಜಾರುವವರ, ದೊಡ್ಡ ಗಾಳಿಪಟ. ದಾರಗಳು ಬಿಗಿಯಾಗಿರುತ್ತವೆ, ಚಿಕ್ಕ ಮಕ್ಕಳ ಜೊತೆ ಆ ಜಾಗ ಅಷ್ಟು ಹಿತವಲ್ಲ. ಅಕ್ಟೋಬರ್ ಇವೆರಡರ ನಡುವಿನ ತಿಂಗಳು, ಗಾಳಿ ತಗ್ಗಿರುತ್ತದೆ, ನೀರು ತಿಳಿಯಾಗಿರುತ್ತದೆ. ನವೆಂಬರ್‌ನಲ್ಲಿ ಜೋರಾಗುವ ಸಣ್ಣ ಮಳೆಗಾಲ ಕೆಲವು ವರ್ಷ ಅಕ್ಟೋಬರ್ ಕೊನೆಗೇ ಹನಿಯುತ್ತದೆ. ಬಂದರೆ ಒಂದೆರಡು ಗಂಟೆ ಸುರಿದು ಹೋಗುತ್ತದೆ, ಹೆಚ್ಚು ಯೋಚಿಸಬೇಡಿ. ಬಿಸಿಲಿನ ಬಗ್ಗೆ ಯೋಚಿಸಿ. ಜಾಂಜಿಬಾರ್ ಇರುವುದು ಭೂಮಧ್ಯರೇಖೆಗಿಂತ 6 ಡಿಗ್ರಿ ದಕ್ಷಿಣಕ್ಕೆ. ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಮರಳು ಹವಳದ್ದಾದ್ದರಿಂದ ಕಾಲಿಗೆ ಸುಡುವುದಿಲ್ಲ, ಅದಕ್ಕೇ ಜನ ಮೋಸ ಹೋಗಿ ಮೈ ಸುಟ್ಟುಕೊಳ್ಳುತ್ತಾರೆ.

ಇನ್ನು ಅತ್ತೆಯವರ ಮಂಡಿ. ನಿಮ್ಮ ಪಟ್ಟಿಯಲ್ಲಿ ಇದನ್ನು ಮೇಲಕ್ಕೆ ತನ್ನಿ. ಮತೆಮ್ವೆ, ಮಿಚಂವಿ, ನುಂಗ್ವಿಯ ಪೂರ್ವದ ಕಡೆ ಬಹಳಷ್ಟು ಹೋಟೆಲ್‌ಗಳು ಹವಳದ ಕಲ್ಲಿನ ದಿಣ್ಣೆಯ ಮೇಲಿವೆ. ನೋಟ ಸೊಗಸು, ಬೀಚಿಗೆ ಇಳಿಯಲು ಮೆಟ್ಟಿಲು. ಕೆಲವು ಕಡೆ ಉಬ್ಬರದ ಹೊತ್ತಿಗೆ ಕೆಳಗೆ ಮರಳೇ ಉಳಿಯುವುದಿಲ್ಲ, ನೀರು ಗೋಡೆಗೆ ಬಡಿಯುತ್ತದೆ. ಅವನ್ನೂ ಬೀಚ್‌ಫ್ರಂಟ್ ಎಂದೇ ಮಾರುತ್ತಾರೆ. 'ಸೀ ವ್ಯೂ' ಎಂದರೆ ಬಾಲ್ಕನಿಯಿಂದ ಕತ್ತು ಚಾಚಿದರೆ ತೆಂಗಿನ ಮರಗಳ ಸಂದಿಯಲ್ಲಿ ಕಾಣುವ ನೀಲಿಯೂ ಆಗಬಹುದು. ರೂಮಿನ ಹೆಸರು ನೋಡಬೇಡಿ. ರೂಮು ನೆಲ ಅಂತಸ್ತಿನಲ್ಲಿದೆಯಾ, ಊಟದ ಮನೆಗೆ ಎಷ್ಟು ದೂರ, ದಾರಿ ಗಟ್ಟಿ ನೆಲವಾ ಸಡಿಲ ಮರಳಾ, ಬೀಚಿಗೆ ಎಷ್ಟು ಮೆಟ್ಟಿಲು ಎಂದು ಕೇಳಿ. ದೊಡ್ಡ ರೆಸಾರ್ಟ್‌ಗಳಲ್ಲಿ ರೂಮಿನಿಂದ ಊಟಕ್ಕೆ ಹೋಗುವುದೇ ಒಂದು ವಾಕಿಂಗ್. ಪಾಜೆಯ ಸಣ್ಣ ಹೋಟೆಲ್‌ಗಳಿಗೆ ಇಲ್ಲಿ ಒಂದು ಅನುಕೂಲ ಇದೆ. ನೆಲ ಸಮತಟ್ಟು, ಮೆಟ್ಟಿಲು ಕಡಿಮೆ. ನೀರು ಇಳಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅತ್ತೆಯವರು ಬೆಳಗ್ಗೆ ಆರಾಮಾಗಿ ನಡೆಯಬಹುದು. ನೀವು ಇಳಿತವನ್ನು ಬೈಯುತ್ತಿರುವಾಗ ಅವರು ಖುಷಿಯಾಗಿರುತ್ತಾರೆ.

ದೋಣಿ ಪ್ರವಾಸಗಳಿಗೆ ಅವರನ್ನು ಎಳೆಯಬೇಡಿ. ಮ್ನೆಂಬಾ ದ್ವೀಪದ ಹವಳ ನೋಡಲು ಹೋಗುವ ದೋಣಿಗಳಿಗೆ ಎಷ್ಟೋ ಕಡೆ ಜೆಟ್ಟಿಯೇ ಇಲ್ಲ. ಸೊಂಟದ ನೀರಲ್ಲಿ ನಡೆದು, ಏಣಿ ಹತ್ತಬೇಕು. ಯಜಮಾನರೂ ದೊಡ್ಡ ಮಗುವೂ ಲೈಫ್ ಜಾಕೆಟ್ ಹಾಕಿಕೊಂಡು ಹೋಗಿಬರಲಿ.

ಮೈದುನರ ಸಲಹೆ: ಆಲ್ ಇನ್‌ಕ್ಲೂಸಿವ್. ಕಿವೆಂಗ್ವಾ ಕಡೆಯ ದೊಡ್ಡ ರೆಸಾರ್ಟ್‌ಗಳಲ್ಲಿ ಇದು ಜಾಸ್ತಿ. ಅದರ ಬೆಲೆಯಲ್ಲಿ ಮದ್ಯದ ಖರ್ಚು, ಮೀನು ಮಾಂಸದ ಖರ್ಚು ಎರಡೂ ಸೇರಿರುತ್ತದೆ. ನೀವು ಆರು ಜನ ಅನ್ನ, ಹುರುಳಿಕಾಯಿ, ಪಾಸ್ತಾ, ಹಣ್ಣು ತಿಂದು ಎದ್ದು ಬರುತ್ತೀರಿ. ಬೇರೆಯವರ ಬಿಯರಿಗೆ ದುಡ್ಡು ಕೊಟ್ಟಂತೆ. ತಿಂಡಿ ಮತ್ತು ರಾತ್ರಿ ಊಟ ಸೇರಿದ ಹಾಫ್ ಬೋರ್ಡ್ ತೆಗೆದುಕೊಳ್ಳಿ. ಪಾಜೆಯಲ್ಲಿ, ನುಂಗ್ವಿಯಲ್ಲಿ ನಡೆದು ಹೋಗುವಷ್ಟು ದೂರದಲ್ಲೇ ಹೊರಗಿನ ಊಟದ ಜಾಗಗಳಿವೆ. ಪೊಂಗ್ವೆ, ಮತೆಮ್ವೆಯಂಥ ಒಂಟಿ ಜಾಗಗಳಲ್ಲಿ ಹೋಟೆಲಿನ ಅಡುಗೆಯೇ ಗತಿ. ಅಲ್ಲಿ ಮಾತ್ರ ಪೂರ್ತಿ ಊಟ ಸೇರಿದ್ದು ಲಾಭ.

ಸಸ್ಯಾಹಾರ ಅಲ್ಲಿ ಕಷ್ಟವಿಲ್ಲ, ಹೇಳಿಕೊಡಬೇಕು ಅಷ್ಟೇ. ಕರಾವಳಿಯ ಅಡುಗೆ ತೆಂಗಿನದು. ತೆಂಗಿನಹಾಲಿನ ಅನ್ನ, ತೆಂಗಿನಹಾಲಿನಲ್ಲಿ ಬೇಯಿಸಿದ ಕಾಳು, ಚಪಾತಿ, ಮ್ಚಿಚಾ ಎಂಬ ಸೊಪ್ಪಿನ ಪಲ್ಯ. ಆ ಸೊಪ್ಪು ನಮ್ಮ ದಂಟು, ಹರಿವೆಯ ಜಾತಿಯೇ. ಮಾವನವರು ಎರಡನೇ ದಿನ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ ನೋಡಿ. 'ವೆಜ್' ಎಂದಷ್ಟೇ ಹೇಳಿದರೆ ಮೀನು ಬರಬಹುದು. ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಅವುಗಳ ಸಾರೂ ಬೇಡ ಎಂದು ಬಿಡಿಸಿ ಬರೆದು ಮೊದಲೇ ಕಳಿಸಿ. ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ, ಆದರೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ತಾಂಜಾನಿಯಾದಲ್ಲಿ ನಿಷೇಧ. ಬಟ್ಟೆ ಚೀಲ ಇರಲಿ.

ಬೀಚಿನಲ್ಲಿ ಓಡಾಡುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲ್ಲಿ 'ಪ್ರೈವೇಟ್ ಬೀಚ್' ಎಂದು ಬರೆದಿದ್ದರೆ ನಂಬಬೇಡಿ. ಮರಳು ಎಲ್ಲರದ್ದು. ಹೋಟೆಲ್ ಗಡಿ ದಾಟಿದ ತಕ್ಷಣ ಮಣಿಸರ, ದೋಣಿ ಪ್ರವಾಸ ಮಾರುವ ಹುಡುಗರು ಜೊತೆಗೆ ನಡೆಯುತ್ತಾರೆ. ನಗುತ್ತಾ ಬೇಡ ಎಂದರೆ ಹೋಗುತ್ತಾರೆ. ಕತ್ತಲಾದ ಮೇಲೆ ಖಾಲಿ ಬೀಚಿನಲ್ಲಿ ತಿರುಗಬೇಡಿ, ಅದು ಎಲ್ಲ ಊರಿಗೂ ಸಲ್ಲುವ ಮಾತು. ಊರು ಮುಸ್ಲಿಮರದ್ದು. ಬೀಚ್ ಬಿಟ್ಟು ಹಳ್ಳಿಯೊಳಗೆ, ಹಳೆಯ ಪೇಟೆಯಾದ ಸ್ಟೋನ್ ಟೌನ್‌ಗೆ ಹೋಗುವಾಗ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿದರೆ ಎಲ್ಲರಿಗೂ ನೆಮ್ಮದಿ.

ವಿಮಾನದ ದಾರಿಗೂ ಅತ್ತೆ ಮಾವನವರ ವಯಸ್ಸಿಗೂ ಸಂಬಂಧ ಇದೆ. ಬೆಂಗಳೂರಿನಿಂದ ಅಡಿಸ್ ಅಬಾಬ ಮೂಲಕ ಹೋಗಬಹುದು, ದೋಹಾ ಅಥವಾ ದುಬೈ ಮೂಲಕವೂ ಹೋಗಬಹುದು. ಇಥಿಯೋಪಿಯಾ ಹಳದಿ ಜ್ವರದ ದೇಶ. ಅಲ್ಲಿ 12 ಗಂಟೆಗಿಂತ ಹೆಚ್ಚು ಕಾಯುವ ಟಿಕೆಟ್ ಆದರೆ ತಾಂಜಾನಿಯಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಆ ಲಸಿಕೆಯನ್ನು 60 ದಾಟಿದವರಿಗೆ ಕೊಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಅಡ್ಡಪರಿಣಾಮದ ಭಯ ಸ್ವಲ್ಪ ಹೆಚ್ಚು. ಕೊಲ್ಲಿಯ ದಾರಿ ಹಿಡಿದರೆ ಈ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ. ಟಿಕೆಟ್ ಮಾಡುವ ಮೊದಲು ಕೇಂದ್ರ ಆರೋಗ್ಯ ಸಚಿವಾಲಯದ ಈಗಿನ ಪಟ್ಟಿಯನ್ನೂ ಒಮ್ಮೆ ನೋಡಿ, ವಾಪಸ್ ಬರುವಾಗ ಇಲ್ಲೂ ಕೇಳಬಹುದು. ಮಲೇರಿಯಾ ಜಾಂಜಿಬಾರ್‌ನಲ್ಲಿ ಬಹಳ ತಗ್ಗಿದೆ, ಪೂರ್ತಿ ಹೋಗಿಲ್ಲ. ಮಾತ್ರೆ ಬೇಕೋ ಬೇಡವೋ ನಿಮ್ಮ ವೈದ್ಯರು ಹೇಳಲಿ. ಸೊಳ್ಳೆಪರದೆ ಇರುವ ರೂಮು ಕೇಳಿ. ವೀಸಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದರ ಜೊತೆಗೆ 2024ರ ಅಕ್ಟೋಬರ್‌ನಿಂದ ಜಾಂಜಿಬಾರ್‌ನದೇ ವಿಮೆ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ನಿಮ್ಮ ಹತ್ತಿರ ಬೇರೆ ಟ್ರಾವೆಲ್ ಇನ್ಶೂರೆನ್ಸ್ ಇದ್ದರೂ ಇದನ್ನು ಮಾಡಿಸಲೇಬೇಕು. ಹೋಟೆಲ್ ಬಜೆಟ್ ಹಾಕುವಾಗ ಇವನ್ನು ಮರೆತು ಆಮೇಲೆ ಕೈ ಕಚ್ಚಿಸಿಕೊಳ್ಳುವವರು ಬಹಳ.

ಈಗ ನಿರ್ಧಾರ. ಸಪ್ತಮಿಯಿಂದ ದ್ವಾದಶಿ ನಡುವೆ ಹೋಗಲು ಮನೆಯಲ್ಲಿ ಒಪ್ಪಿದರೆ, ನಾನು ನಿಮ್ಮ ಪಾಜೆಯ ಹೋಟೆಲನ್ನೇ ಆರಿಸುತ್ತೇನೆ. ಬೆಳಗ್ಗೆ ನೀರಾಟ, ಮಧ್ಯಾಹ್ನ ನೆರಳು, ಅರ್ಧ ಬೆಲೆ. ಎರಡು ಷರತ್ತು. ಹೋಟೆಲ್‌ನಲ್ಲಿ ಈಜುಕೊಳ ಇರಬೇಕು, ಚಿಕ್ಕವನಿಗೆ ಕಾಲು ಸಿಗುವ ಆಳ ಇರಬೇಕು. ರೂಮು ರಾತ್ರಿ ಹಾಡು ಹಾಕುವ ಬಾರ್‌ಗಳಿಂದ ದೂರ ಇರಬೇಕು, ಪಾಜೆಯ ನಡುಭಾಗದಲ್ಲಿ ಆ ಗದ್ದಲ ಇದೆ. ಕಳೆದುಕೊಳ್ಳುವುದು ಸೂರ್ಯಾಸ್ತ. ಪೂರ್ವದ ದಡದಲ್ಲಿ ಸೂರ್ಯ ಹುಟ್ಟುವುದು ಮಾತ್ರ ಕಾಣುತ್ತದೆ.

ದಶಮಿ ಮುಗಿಸಿಯೇ ಹೊರಡುವುದಾದರೆ ಕೆಂಡ್ವಾ, ಅಥವಾ ನುಂಗ್ವಿಯ ಪಶ್ಚಿಮದ ಮಗ್ಗುಲು. ದುಡ್ಡು ಜಾಸ್ತಿ ಹೋಗುತ್ತದೆ, ನೀರು ಯಾವಾಗಲೂ ಇರುತ್ತದೆ, ಸೂರ್ಯಾಸ್ತ ಸಿಗುತ್ತದೆ. ಆದರೆ ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ಯಜಮಾನರು ನೀರಲ್ಲೇ ಇರಬೇಕು, ಕೈಗೆ ಸಿಗುವಷ್ಟು ಹತ್ತಿರ. ಇನ್ನೊಂದು ಮಾತು, ಕೆಂಡ್ವಾದಲ್ಲಿ ಹುಣ್ಣಿಮೆ ಪಾರ್ಟಿ ಹೆಸರುವಾಸಿ. ನಿಮ್ಮ ದಿನಗಳು ಅದಕ್ಕೇ ಬಂದು ಕೂತರೆ ಬೆಳಗಿನ ಜಾವದವರೆಗೆ ಡೋಲು. ಬೀಚಿನ ಯಾವ ತುದಿಯಲ್ಲಿ ಪಾರ್ಟಿ ಎಂದು ಕೇಳಿ, ಇನ್ನೊಂದು ತುದಿಯಲ್ಲಿ ರೂಮು ಹಿಡಿಯಿರಿ.

ನೀವು ಕಳಿಸಿದ ಎರಡನೇ ಹೋಟೆಲ್, ಅಂದರೆ ಪೂರ್ವ ನುಂಗ್ವಿಯದು, ಯಾವ ತಿಥಿಗೂ ನಿಮಗೆ ಬೇಡ. ಎರಡೂ ಕಡೆಯ ಕಷ್ಟ ಅಲ್ಲಿ ಒಟ್ಟಿಗೆ ಸಿಗುತ್ತದೆ, ಮೆಟ್ಟಿಲೂ ಇವೆ.

ಒಂದು ರಾತ್ರಿ ಸ್ಟೋನ್ ಟೌನ್‌ನಲ್ಲಿ ಉಳಿಯುವ ಆಸೆ ಎಲ್ಲರಿಗೂ ಇರುತ್ತದೆ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೆಯ ಊರು, ಗುಜರಾತಿ ವ್ಯಾಪಾರಿಗಳ ಕಾಲದ ಕೆತ್ತನೆ ಬಾಗಿಲುಗಳು, ಸಸ್ಯಾಹಾರಿ ಊಟ ಸುಲಭವಾಗಿ ಸಿಗುತ್ತದೆ. ಆದರೆ ಹಳೆ ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಮೆಟ್ಟಿಲು ಕಡಿದು, ಲಿಫ್ಟ್ ಅಪರೂಪ, ಕಾರು ಗಲ್ಲಿಯೊಳಗೆ ಬರುವುದಿಲ್ಲ. ಅತ್ತೆಯವರ ಮಂಡಿಗೆ ಅದು ಆಗದು. ಪಾಜೆಯಿಂದ ಟ್ಯಾಕ್ಸಿಯಲ್ಲಿ ಸುಮಾರು ಒಂದು ಗಂಟೆಯ ದಾರಿ, ಬೆಳಗ್ಗೆ ಹೋಗಿ ಸಂಜೆ ಬನ್ನಿ.

ದುಡ್ಡು ಕಟ್ಟುವ ಮೊದಲು ಹೋಟೆಲಿಗೆ ಒಂದು ಮೆಸೇಜ್ ಹಾಕಿ. 'ಮುಂದಿನ ಹುಣ್ಣಿಮೆಯ ದಿನ ಬೆಳಗ್ಗೆ 10ಕ್ಕೆ ನಿಮ್ಮ ಬೀಚಿನಿಂದ ಅರ್ಧ ನಿಮಿಷದ ವಿಡಿಯೊ ತೆಗೆದು ಕಳಿಸಿ' ಎಂದು ಕೇಳಿ. ವಾಟ್ಸಾಪ್‌ನಲ್ಲಿ ಎಲ್ಲರೂ ಸಿಗುತ್ತಾರೆ. ಕಳಿಸಿದರೆ ನಿಮಗೆ ಬೇಕಾದ ಉತ್ತರವೆಲ್ಲ ಅದರಲ್ಲಿದೆ. 'ನಮ್ಮ ಬೀಚು ತುಂಬಾ ಚೆನ್ನಾಗಿದೆ' ಎಂದು ಹಳೆಯ ಫೋಟೊವನ್ನೇ ಮತ್ತೆ ಕಳಿಸಿದರೆ ಮುಂದಿನ ಹೋಟೆಲ್ ನೋಡಿ. ಅಲ್ಲಿವರೆಗೆ ಬೇಕಿದ್ದರೆ ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲಿ ಹಿಡಿದಿಡಿ, ಸ್ವಲ್ಪ ಕಡಿಮೆ ಬೀಳುತ್ತದೆಂದು ವಾಪಸ್ ಬಾರದ ದರಕ್ಕೆ ಹೋಗಬೇಡಿ.